ಹಾಡಿನ ಋಣ

ಸಾವಿರಾರು ಜನರ ಮುಂದೆ ನಿಂತು, ಅವರ ನೋವನ್ನು ತನ್ನ ಬಾಯಿಂದ ಹೇಳಿದ ಕವಿ ಆಮೇಲೆ ಆ ಜನರಿಗೆ ಏನಾದರೂ ಬಾಕಿ ಉಳಿಸಿಕೊಂಡಿರುತ್ತಾನೆಯೇ? ಪುಸ್ತಕದ ಕವಿಯನ್ನು ನಾವು ಹೀಗೆ ಕೇಳುವುದಿಲ್ಲ. ಪುಸ್ತಕ ಕೊಂಡೆವು, ಓದಿದೆವು, ಹಿಡಿಸಿದರೆ ಇಟ್ಟುಕೊಂಡೆವು, ಇಲ್ಲವಾದರೆ ಯಾರಿಗೋ ಕೊಟ್ಟೆವು. ಲೆಕ್ಕ ಅಲ್ಲಿಗೆ ಚುಕ್ತಾ. ವೇದಿಕೆಯ ಕವಿಯ ಲೆಕ್ಕ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ಅವನು 'ನನ್ನ ಜನ' ಅಂದಾಗ ಎದುರು ಕೂತವರು ಅದನ್ನು ಅಲಂಕಾರ ಎಂದುಕೊಳ್ಳುವುದಿಲ್ಲ; ಮಾತು ಕೊಟ್ಟ ಎಂದುಕೊಳ್ಳುತ್ತಾರೆ.

ಕನ್ನಡದಲ್ಲಿ ಈ ಪ್ರಶ್ನೆ ಎತ್ತಿದರೆ ಸಿದ್ಧಲಿಂಗಯ್ಯನವರ ಹೆಸರು ಬಂದೇ ಬರುತ್ತದೆ. ಎಪ್ಪತ್ತರ ದಶಕದ ಮೆರವಣಿಗೆಗಳಲ್ಲಿ ಅವರಷ್ಟು ಹಾಡಿಸಿಕೊಂಡ ಕವಿ ಇನ್ನೊಬ್ಬರಿಲ್ಲ. ಆಮೇಲಿನ ವರ್ಷಗಳಲ್ಲಿ 'ಇವರು ಬದಲಾದರು' ಎಂದು ಅವರಷ್ಟು ಅನ್ನಿಸಿಕೊಂಡವರೂ ಕಡಿಮೆ.

ನಾನು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದವನು. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ, ಒಂದರ ಮೇಲೊಂದು ಯಾರೋ ಎತ್ತಿಟ್ಟ ಹಾಗಿರುವ ಗುಂಡುಬಂಡೆಗಳ ಬೆಟ್ಟ ಕಂಡರೆ ಅದು ನಮ್ಮೂರು. ಹೆಸರಿನಲ್ಲಿ ಸಮುದ್ರವಿದೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುವುದು ಅದೃಷ್ಟ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಹಾಡಿಗೆ 'ಪಾಟ' ಅನ್ನುವವರೇ ಹೆಚ್ಚು. ಹಾಗಿದ್ದೂ ಕೇರಿಯ ತಮಟೆಯ ಮೇಲೆ ನಾನು ಚಿಕ್ಕಂದಿನಲ್ಲಿ ಕೇಳಿದ ಹೋರಾಟದ ಹಾಡುಗಳು ಕನ್ನಡದವು. ಪಠ್ಯಪುಸ್ತಕ ಮಾಡಲಾಗದ ಕೆಲಸವನ್ನು ದಲಿತ ಸಂಘರ್ಷ ಸಮಿತಿಯ ಹಾಡುಗಾರರು ಈ ಗಡಿನಾಡಿನಲ್ಲಿ ಮಾಡಿದರು ಎಂದು ನನಗೆ ಯಾವಾಗಲೂ ಅನ್ನಿಸಿದೆ. ನಾನು ಊರಿನವನು, ಕೇರಿಯವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಇದರ ಸಂಬಂಧವಿದೆ.

ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅವರ ಆತ್ಮಕಥೆ 'ಊರುಕೇರಿ'ಯನ್ನು ಓದಿದವರು ಮರೆಯಲಾರದ ಒಂದು ಚಿತ್ರ ಅದರ ಆರಂಭದಲ್ಲೇ ಬರುತ್ತದೆ. ಜಮೀನ್ದಾರರ ಹೊಲದಲ್ಲಿ ಇಬ್ಬರು ಗಂಡಸರು ಎತ್ತುಗಳಂತೆ ನೊಗ ಹೊತ್ತಿದ್ದಾರೆ, ಹಿಂದೆ ಒಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಹುಡುಗನ ಅಪ್ಪ. ಇದನ್ನು ಬೇರೆ ಯಾರಾದರೂ ಬರೆದಿದ್ದರೆ ಹತ್ತು ಪುಟ ಅತ್ತಿರುತ್ತಿದ್ದರು. ಸಿದ್ಧಲಿಂಗಯ್ಯ ಕೆಲವೇ ಸಾಲುಗಳಲ್ಲಿ ಹೇಳಿ ಮುಂದಿನ ಸಂಗತಿಗೆ ಹೋಗುತ್ತಾರೆ. ಆಮೇಲೆ ಕುಟುಂಬ ಬೆಂಗಳೂರಿಗೆ ಬಂತು. ಶ್ರೀರಾಮಪುರದ ಬಡ ಬೀದಿಗಳು, ಸರ್ಕಾರಿ ಹಾಸ್ಟೆಲ್ಲು, ಏಕಾಂತ ಬೇಕಾದಾಗ ಹೋಗಿ ಕೂರುತ್ತಿದ್ದ ಸ್ಮಶಾನ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದದ್ದಕ್ಕೆ ರಾಜ್ಯವೆಲ್ಲ ಹೊತ್ತಿ ಉರಿದಾಗ ಅವರಿಗೆ ಹತ್ತೊಂಬತ್ತು ವರ್ಷ. ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಅವರ ಪರ ನಿಂತ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಎರಡು ವರ್ಷದ ನಂತರ, 1975ರಲ್ಲಿ, 'ಹೊಲೆಮಾದಿಗರ ಹಾಡು' ಬಂತು.

ಆ ಪುಸ್ತಕದ ಹೆಸರಿನಲ್ಲೇ ಎರಡು ಸಂಗತಿಗಳಿವೆ. ಬೈಗುಳವಾಗಿ ಬಳಕೆಯಾಗುತ್ತಿದ್ದ ಜಾತಿಯ ಹೆಸರನ್ನು ರಕ್ಷಾಪುಟದ ಮೇಲೆ ಇಟ್ಟದ್ದು ಒಂದು. ಇನ್ನೊಂದು, ಇದು 'ಹಾಡು' ಎಂದು ತನ್ನನ್ನು ಕರೆದುಕೊಂಡದ್ದು. ನವ್ಯದ ಕವಿಗಳು ಕವಿತೆಯನ್ನು ಓದುವ ಕಣ್ಣಿಗೆ, ಒಂಟಿ ಮನಸ್ಸಿಗೆ ಒಪ್ಪಿಸಿದ್ದ ಕಾಲ ಅದು. ಇವರು ಅದನ್ನು ಗಂಟಲಿಗೆ ವಾಪಸು ತಂದರು. ಸ್ವಾತಂತ್ರ್ಯದಲ್ಲಿ ಬಡವರ ಪಾಲು ಎಲ್ಲಿ ಎಂದು ಕೇಳುವ ಅವರ ಪದ್ಯವನ್ನು ಅಕ್ಷರ ಬಾರದವರೂ ಬಾಯಿಪಾಠ ಮಾಡಿದರು. ಪ್ರಾಸ ಬಿಗಿ, ಸಾಲು ಚಿಕ್ಕದು, ಪ್ರಶ್ನೆ ನೇರ. ನಡೆಯುತ್ತ ಹಾಡಲು ಇವಿಷ್ಟೇ ಬೇಕು. 1979ರಲ್ಲಿ 'ಸಾವಿರಾರು ನದಿಗಳು' ಬಂತು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದೂ ಅದೇ ವರ್ಷ.

ಕವಿತೆ ಕಿವಿಯಿಂದ ಬರುವುದು ಕನ್ನಡಕ್ಕೆ ಹೊಸದಲ್ಲ. ಗಮಕಿಗಳ ಬಾಯಲ್ಲಿ ಭಾರತ ಬದುಕಿದ ನಾಡು ಇದು. ನಮ್ಮ ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಕಗ್ಗವನ್ನು ಪುಸ್ತಕ ಬಿಡಿಸದೆ ಹೇಳುವವರು ಇವತ್ತಿಗೂ ಇದ್ದಾರೆ. ಆದರೆ ಕಗ್ಗ ಹೇಳಿದ್ದಕ್ಕೆ ಯಾರ ಮನೆಯ ಕೂಲಿಯೂ ತಪ್ಪಿಲ್ಲ. ನಾನು ಹೇಳಹೊರಟ ವ್ಯತ್ಯಾಸ ಅಲ್ಲಿದೆ.

ಕಾಲೇಜುಗಳ ಯುವಜನೋತ್ಸವದಲ್ಲಿ ಗಾಯನ ಸ್ಪರ್ಧೆಯ ತೀರ್ಪುಗಾರನಾಗಿ ನಾನು ಹಲವು ಸಲ ಕೂತಿದ್ದೇನೆ. ಕೈಯಲ್ಲಿ ಒಂದು ಹಾಳೆ: ಶ್ರುತಿಗೆ ಹತ್ತು, ತಾಳಕ್ಕೆ ಹತ್ತು, ಸಾಹಿತ್ಯ ಶುದ್ಧಿಗೆ ಹತ್ತು, ಪ್ರಸ್ತುತಿಗೆ ಹತ್ತು. ಒಮ್ಮೆ ಸಿದ್ಧಲಿಂಗಯ್ಯನವರ ಒಂದೇ ಹಾಡನ್ನು ಇಬ್ಬರು ಹಾಡಿದರು. ಸಂಗೀತ ಕಲಿತ ಹುಡುಗ ಹಾರ್ಮೋನಿಯಂ ಇಟ್ಟುಕೊಂಡು ಅದನ್ನು ಭಾವಗೀತೆಯಷ್ಟು ಮೃದುವಾಗಿ ಹಾಡಿದ. ಹಾಸ್ಟೆಲಿನ ಹುಡುಗಿಯೊಬ್ಬಳು ಮೈಕು ಸರಿಮಾಡಿಕೊಳ್ಳದೆ, ಕೈಯಲ್ಲಿ ತಟ್ಟಿಕೊಂಡು ಹಾಡಿದಳು; ಶ್ರುತಿ ಎರಡು ಕಡೆ ಜಾರಿತು, ಸಭಾಂಗಣ ಮಾತ್ರ ಉಸಿರು ಬಿಗಿಹಿಡಿದಿತ್ತು. ಹಾಳೆಯ ಲೆಕ್ಕದಲ್ಲಿ ಹುಡುಗನೇ ಗೆದ್ದ. ಹಾಳೆ ಹೇಳಿದ್ದು ತಪ್ಪಲ್ಲ, ಆ ಹಾಡಿಗೆ ಆ ಹಾಳೆ ಅಲ್ಲ ಅಷ್ಟೆ.

ಅಮೆರಿಕದಲ್ಲಿ ಇಂಥದ್ದೇ ಅಂಕದ ಆಟವೊಂದಿದೆ, ಅದರ ತರ್ಕ ಮಾತ್ರ ತಲೆಕೆಳಗು. ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿ ಷಿಕಾಗೋದಲ್ಲಿ ಶುರುಮಾಡಿದ್ದು. 1986ರಿಂದ ಗ್ರೀನ್ ಮಿಲ್ ಎಂಬ ಜಾಸ್ ಕ್ಲಬ್ಬಿನಲ್ಲಿ ನಡೆಯಿತು. ಹೆಸರು ಸ್ಲ್ಯಾಮ್. ಕವಿಗೆ ಮೂರು ನಿಮಿಷ. ಐದು ಜನ ತೀರ್ಪುಗಾರರನ್ನು ಅಲ್ಲೇ ಕುಡಿಯಲು ಬಂದವರ ನಡುವಿನಿಂದ ಆರಿಸುತ್ತಾರೆ. ಸೊನ್ನೆಯಿಂದ ಹತ್ತರವರೆಗೆ ಅಂಕ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಿಟ್ಟು ಉಳಿದದ್ದರ ಮೊತ್ತ. ಪಂಡಿತರು ಬೇಡ, ಕೇಳಿದವನಿಗೆ ತಾಕಿತೋ ಇಲ್ಲವೋ ಅಷ್ಟೇ ಮುಖ್ಯ ಎನ್ನುವುದು ಇದರ ಹಿಂದಿನ ಹಟ. ಈ ಆಟದ ದೊಡ್ಡ ಹೆಸರು ಪ್ಯಾಟ್ರಿಷಿಯಾ ಸ್ಮಿತ್. ಸಿದ್ಧಲಿಂಗಯ್ಯನವರಿಗಿಂತ ಒಂದು ವರ್ಷ ಚಿಕ್ಕವರು, 1955ರಲ್ಲಿ ಷಿಕಾಗೋದಲ್ಲಿ, ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿ ಬಂದ ಕಪ್ಪು ಕುಟುಂಬದಲ್ಲಿ ಹುಟ್ಟಿದವರು. ರಾಷ್ಟ್ರಮಟ್ಟದ ವೈಯಕ್ತಿಕ ಸ್ಲ್ಯಾಮ್ ಪ್ರಶಸ್ತಿಯನ್ನು ನಾಲ್ಕು ಸಲ ಗೆದ್ದರು.

ಪ್ಯಾಟ್ರಿಷಿಯಾ ಅವರ ಶಕ್ತಿ ಇರುವುದು ಇನ್ನೊಬ್ಬರ ದನಿಯಲ್ಲಿ ಮಾತಾಡುವುದರಲ್ಲಿ. ತನ್ನಂಥವರನ್ನು ದ್ವೇಷಿಸುವ ಬಿಳಿಯ ಹುಡುಗನೊಬ್ಬನ ಬಾಯಿಯನ್ನೇ ತೆಗೆದುಕೊಂಡು ವೇದಿಕೆಯಲ್ಲಿ ಪದ್ಯ ಹೇಳಿದರು. 2005ರ ಕತ್ರಿನಾ ಚಂಡಮಾರುತದ ಬಗ್ಗೆ 2008ರಲ್ಲಿ ಬಂದ ಅವರ ಪುಸ್ತಕದಲ್ಲಿ ಚಂಡಮಾರುತವೇ ಮಾತಾಡುತ್ತದೆ, ನೆರೆಯಲ್ಲಿ ಸತ್ತ ವೃದ್ಧಾಶ್ರಮದ ಮುದುಕರು ಮಾತಾಡುತ್ತಾರೆ. ಆ ಎರಡರ ನಡುವೆ ಇನ್ನೊಂದು ಸಂಗತಿ ಇದೆ. 1998ರಲ್ಲಿ ಅವರು ಬಾಸ್ಟನ್ ಗ್ಲೋಬ್ ಪತ್ರಿಕೆಯ ಅಂಕಣಕಾರ್ತಿಯ ಕೆಲಸಕ್ಕೆ ರಾಜೀನಾಮೆ ಕೊಡಬೇಕಾಯಿತು. ತಮ್ಮ ಕೆಲವು ಅಂಕಣಗಳಲ್ಲಿ ಇಲ್ಲದ ಜನರನ್ನು ಸೃಷ್ಟಿಸಿ ಅವರ ಬಾಯಲ್ಲಿ ಮಾತು ಹಾಕಿದ್ದನ್ನು ಅವರೇ ಒಪ್ಪಿಕೊಂಡರು. ವೇದಿಕೆಯ ಮೇಲೆ ಕಲೆಯಾಗಿದ್ದು ಪತ್ರಿಕೆಯಲ್ಲಿ ವಂಚನೆ. ಕವಿತೆ ಸುಳ್ಳು ಹೇಳಬಹುದು, ವರದಿ ಹೇಳಬಾರದು ಎಂದು ಇದಕ್ಕೆ ಸುಲಭದ ಸಮಾಧಾನ ಹೇಳಿಬಿಡಬಹುದು. ನನಗೆ ಅದು ಸಾಲದು. ಇನ್ನೊಬ್ಬರ ದನಿಯನ್ನು ಎರವಲು ತಂದವರು ಆ ಇನ್ನೊಬ್ಬರು ನಿಜವಾಗಿ ಇದ್ದಾರೆ ಎಂಬ ನಂಬಿಕೆಯ ಮೇಲೆ ನಿಂತಿರುತ್ತಾರೆ. ಪತ್ರಿಕೆಯ ಓದುಗ ಅದನ್ನು ಹೆಸರು, ಬೀದಿ, ವಯಸ್ಸಿನ ಲೆಕ್ಕದಲ್ಲಿ ನಂಬುತ್ತಾನೆ. ಹಾಡು ಕೇಳುವವನು ತನ್ನನ್ನೇ ಸಾಕ್ಷಿಯಾಗಿಟ್ಟುಕೊಂಡು ನಂಬುತ್ತಾನೆ: ಹೌದು, ಇದು ನನ್ನ ಮಾತೇ.

ಸಿದ್ಧಲಿಂಗಯ್ಯನವರಿಗೆ ದನಿ ಎರವಲಿನದ್ದಾಗಿರಲಿಲ್ಲ. ನೊಗ ಹೊತ್ತವರ ಮಗ ಅವರು. ಹಾಗಾಗಿಯೇ ಆಮೇಲಿನ ಆರೋಪ ಹೆಚ್ಚು ಕಟುವಾಗಿ ಬಂತು. 1983ರಲ್ಲಿ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರದಲ್ಲಿ ಅವರ ಪ್ರೇಮಗೀತೆ ಬಂದಾಗ ಕೆಲವರು ಹುಬ್ಬೇರಿಸಿದರು. (ದಲಿತ ಕವಿ ಪ್ರೀತಿಸಬಾರದು ಎಂದು ಯಾವ ಪ್ರಣಾಳಿಕೆಯಲ್ಲಿ ಬರೆದಿತ್ತೋ ಕಾಣೆ.) 1988ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು, ಎರಡು ಅವಧಿ ಅಲ್ಲಿದ್ದರು, ಅಲ್ಲಿ ಆಡಿದ ಮಾತುಗಳು 'ಸದನದಲ್ಲಿ ಸಿದ್ಧಲಿಂಗಯ್ಯ' ಎಂದು ಪುಸ್ತಕವಾದವು. ಗ್ರಾಮದೇವತೆಗಳ ಮೇಲೆ ಸಂಶೋಧನೆ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕತ್ವ, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷತೆ, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಸರ್ವಾಧ್ಯಕ್ಷತೆ. ಎಲ್ಲ ಪಕ್ಷದವರೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರೂ ಕೂತರು, ನಗಿಸಿದರು.

ಈ ನಗು ಹಲವರಿಗೆ ಒಗ್ಗಲಿಲ್ಲ. 'ಊರುಕೇರಿ' ಓದಿದರೆ ಗೊತ್ತಾಗುತ್ತದೆ: ಹಸಿವು, ಅವಮಾನ, ಪೊಲೀಸರ ಲಾಠಿ, ಎಲ್ಲದರ ಬದಿಯಲ್ಲೂ ಅವರಿಗೆ ಏನೋ ಒಂದು ತಮಾಷೆ ಕಂಡಿರುತ್ತದೆ. ಡಿ.ಆರ್. ನಾಗರಾಜ್ ಆ ಪುಸ್ತಕಕ್ಕೆ ಬರೆದ ಹಿನ್ನುಡಿಯಲ್ಲಿ ಬಡವರ ನಗುವಿನ ಶಕ್ತಿಯನ್ನೇ ಮುಖ್ಯವಾಗಿಟ್ಟು ಮಾತಾಡಿದರು. ಅದು ಸರಿಯಾದ ಓದು ಎಂದು ನನಗೆ ಅನ್ನಿಸುತ್ತದೆ. ವೇದಿಕೆಯ ಮೇಲೆ ಸಿಟ್ಟು ಚಪ್ಪಾಳೆ ಗಿಟ್ಟಿಸುತ್ತದೆ ಎಂದು ಚೆನ್ನಾಗಿ ಬಲ್ಲ ಮನುಷ್ಯ ಆತ್ಮಕಥೆಯಲ್ಲಿ ಸಿಟ್ಟನ್ನು ಕೆಳಗಿಟ್ಟದ್ದು ದೊಡ್ಡ ಧೈರ್ಯ.

ಇಲ್ಲಿ ನಾನು ಊರಿನವನು ಎಂಬ ಮಾತಿಗೆ ಬರುತ್ತೇನೆ. ಸಿದ್ಧಲಿಂಗಯ್ಯ ತಣ್ಣಗಾದರು ಎಂದು ನನ್ನ ಬಳಿ ಗೊಣಗಿದವರಲ್ಲಿ ಹೆಚ್ಚಿನವರು ನನ್ನಂಥವರೇ: ಓದಿದವರು, ಸಂಬಳ ಬರುವವರು, ಊರಿನ ಕಡೆಯವರು. ಅವರ ಸಿಟ್ಟಿನ ಪದ್ಯ ನಮಗೆ ಹಿಡಿಸುತ್ತದೆ. ಸಂಜೆ ಕೇಳಿ ಮೈ ಜುಮ್ಮೆನಿಸಿಕೊಂಡು ಮನೆಗೆ ಹೋಗಿ ಊಟ ಮಾಡುತ್ತೇವೆ. ಅದರಿಂದ ನಮಗೆ ಖರ್ಚಿಲ್ಲ. ದಲಿತ ಕವಿ ಜೀವನಪೂರ್ತಿ ನಮ್ಮೆದುರು ಕೂಗುತ್ತಲೇ ಇರಬೇಕು, ಬೆಳಿಗ್ಗೆ ಎದ್ದು ಹೂವಿನ ಬಗ್ಗೆ ಬರೆದರೆ ಕರಾರು ಮುರಿದ ಹಾಗೆ ಎಂದು ಬಯಸುವುದರಲ್ಲಿ ನನಗೆ ಹಳೆಯ ನೊಗವೇ ಕಾಣುತ್ತದೆ. ಹೊಲ ಮಾತ್ರ ಬೇರೆ. ಈ ಕಡೆಯಿಂದ ಬರುವ ಆಕ್ಷೇಪಕ್ಕೆ ನಾನು ಬೆಲೆ ಕೊಡಲಾರೆ.

ಆದರೆ ಅದೇ ಆಕ್ಷೇಪ ಬೇರೆ ಕಡೆಯಿಂದಲೂ ಬರುತ್ತದೆ. ಸ್ಪರ್ಧೆಯಲ್ಲಿ ಸೋತ ಆ ಹುಡುಗಿ ಆಮೇಲೆ ನನ್ನ ತರಗತಿಯಲ್ಲಿ ಕೇಳಿದಳು: "ಹಾಡು ಬರೆದೋರು ಮೇಲ್ಮನೆಗೆ ಹೋದ್ರು. ಹಾಡ್ದೋರು ಕೂಲಿಗೇ ಹೋದ್ರು. ಇದು ಸರೀನಾ ಸಾರ್?" ಅವಳ ಅಜ್ಜ ಹಾಡಿದವರಲ್ಲಿ ಒಬ್ಬ. ರಾತ್ರಿ ಸಭೆಯಲ್ಲಿ ಹಾಡಿ, ಬೆಳಿಗ್ಗೆ ಹಾಡಿನಲ್ಲಿ ಬೈದವರ ತೋಟಕ್ಕೇ ಕೆಲಸ ಕೇಳಿಕೊಂಡು ಹೋಗಬೇಕಿತ್ತಂತೆ. ಕವಿ ಹಾಡಿದ್ದು ನಗರದ ಮೈದಾನದಲ್ಲಿ. ಅಜ್ಜ ಹಾಡಿದ್ದು ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಬಲ್ಲ ಹಳ್ಳಿಯಲ್ಲಿ. ಪದ ಅದೇ, ಬೆಲೆ ಬೇರೆ.

ಬೆಲೆ ಅನ್ನುವುದು ನಮ್ಮ ಜಿಲ್ಲೆಯಲ್ಲಿ ಬರಿ ಮಾತಲ್ಲ. 2000ನೇ ಇಸವಿಯ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 'ಸಾವಿರಾರು ನದಿಗಳು' ಬಂದು ಇಪ್ಪತ್ತು ವರ್ಷ ಆಗಿತ್ತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾಡು ಧೈರ್ಯ ಕೊಡಬಹುದು, ಕಟಕಟೆಗೆ ಬಂದು ಸಾಕ್ಷಿ ಹೇಳುವುದಿಲ್ಲ. ಧೈರ್ಯ ಕೊಟ್ಟವನಿಗೆ ಆ ಧೈರ್ಯದಿಂದ ಆದ ನಷ್ಟದಲ್ಲಿ ಪಾಲಿಲ್ಲವೇ ಎಂದು ಆ ಹುಡುಗಿ ಕೇಳುತ್ತಿದ್ದಳು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಪಾಲಿದೆ ಎಂದೇ ನನ್ನ ಉತ್ತರ. ಆದರೆ ಅದು ಕವಿ ಬಡವನಾಗಿಯೇ ಉಳಿಯಬೇಕು, ಅಧಿಕಾರದ ಹೊಸ್ತಿಲು ತುಳಿಯಬಾರದು ಎಂಬ ಪಾಲಲ್ಲ. ಅಪ್ಪನ ಹೆಗಲಿನಿಂದ ನೊಗ ಇಳಿಯಲಿ ಎಂದು ಹಾಡಿದವನು ತಾನು ಮಾತ್ರ ಅದನ್ನು ಹೊತ್ತು ತೋರಿಸುತ್ತಿರಬೇಕು ಎನ್ನುವುದು ವಿಚಿತ್ರ ನ್ಯಾಯ. ಅವನು ತೀರಿಸಬೇಕಾದ್ದು ಎಂದರೆ ಹಾಡನ್ನು ಹಿಂದಕ್ಕೆ ತೆಗೆದುಕೊಳ್ಳದಿರುವುದು. ಅದು ಹುಡುಗಾಟದ ವಯಸ್ಸಿನ ಆವೇಶ, ಈಗ ನಾನು ಪ್ರಬುದ್ಧ ಎಂದು ಅದರ ಮೇಲೆ ತೇಪೆ ಹಚ್ಚದಿರುವುದು. ಹಾಡು ತನ್ನ ಮೇಲೇ ತಿರುಗಿ ಬಂದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುವುದು. ಸ್ವಾತಂತ್ರ್ಯದಲ್ಲಿ ಬಡವರ ಪಾಲು ಎಲ್ಲಿ ಎಂಬ ಪ್ರಶ್ನೆಯನ್ನು ಮೇಲ್ಮನೆಯ ಬಾಗಿಲಲ್ಲಿ ನಿಂತು ಅದರ ಕರ್ತೃವಿಗೇ ಕೇಳಬಹುದು. ಹಾಗೆ ಕೇಳಲು ಬರುವಂಥ ಪ್ರಶ್ನೆಯನ್ನು, ಹಾಗೆ ಹಾಡಲು ಬರುವಂಥ ರಾಗದಲ್ಲಿ ಕಟ್ಟಿಕೊಟ್ಟವರು ಅವರೇ. ಸಿದ್ಧಲಿಂಗಯ್ಯ ಬದಲಾದರು ಎಂದು ಸಿಟ್ಟಾಗುವವರು ಆ ಹಾಡು ಇನ್ನೂ ಅವರ ಸ್ವತ್ತು ಎಂದುಕೊಂಡಿದ್ದಾರೆ. ಅದು ಎಂದೋ ಅವರ ಕೈಬಿಟ್ಟು ಹೋಗಿತ್ತು.

ಇದನ್ನು ಹುಡುಗಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಹಾಡೂ ನಮ್ದೇ, ಕೂಲಿಯೂ ನಮ್ದೇ" ಅಂದಳು. ಅದಕ್ಕೆ ನನ್ನ ಬಳಿ ಮಾತಿರಲಿಲ್ಲ. ನನ್ನ ವಾದದಲ್ಲಿ ಹುರುಳಿದೆ ಎಂದು ಈಗಲೂ ನಂಬಿದ್ದೇನೆ. ಅವಳ ಮಾತಿನ ಭಾರ ಅದರಿಂದ ಕಮ್ಮಿಯಾಗುವುದಿಲ್ಲ ಎಂದೂ ಬಲ್ಲೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮದವರು ನಡೆಸಿಕೊಂಡು ಬಂದ ಹುಣ್ಣಿಮೆ ಹಾಡಿನ ರಾತ್ರಿಗಳಲ್ಲಿ ಕೂತವರಿಗೆ ಇನ್ನೊಂದು ದಾರಿಯೂ ಗೊತ್ತು: ಹಾಡು ರಾಜಧಾನಿಗೆ ಹೋಗದೆ, ಹುಟ್ಟಿದ ಬೆಟ್ಟದ ಬುಡದಲ್ಲೇ ಕೇಳುಗರನ್ನು ಹುಡುಕಿಕೊಳ್ಳುವ ದಾರಿ. ಅದು ಹೆಚ್ಚು ಶುದ್ಧ ಎಂದು ನಾನು ಹೇಳುವುದಿಲ್ಲ. ಎರಡೂ ಬೇಕಿತ್ತು. ಸದನದಲ್ಲಿ ಎದ್ದು ನಿಲ್ಲುವ ಒಬ್ಬರೂ ಇರದಿದ್ದರೆ ಹುಡುಗಿಯ ಹಾಸ್ಟೆಲ್ಲಿನ ಬಗ್ಗೆ ಅಲ್ಲಿ ಯಾರು ಮಾತಾಡುತ್ತಿದ್ದರು?

2021ರ ಜೂನ್ 11ರಂದು ಸಿದ್ಧಲಿಂಗಯ್ಯ ಕೊರೊನಾದಿಂದ ತೀರಿಕೊಂಡರು. ಲಾಕ್‌ಡೌನ್ ಇನ್ನೂ ತೆರವಾಗಿರಲಿಲ್ಲ. ಮೆರವಣಿಗೆಗಳ ಕವಿ ಹೋದಾಗ ನಾಲ್ಕು ಜನ ಸೇರುವಂತಿರಲಿಲ್ಲ. ಮೊಬೈಲುಗಳಲ್ಲಿ ಅವರ ಹಾಡುಗಳು ಒಂದರ ಹಿಂದೊಂದು ಬಂದವು, ಮನೆಯೊಳಗೆ ಕೂತು ಒಬ್ಬೊಬ್ಬರೇ ಹಾಡಿ ಕಳಿಸಿದ್ದು. ಆ ಸಂಜೆ ಮಾಸ್ಕು ಹಾಕಿಕೊಂಡು ಕೆರೆಕಟ್ಟೆಯ ಮೇಲೆ ನಡೆಯುವಾಗ, ನನ್ನ ಬಾಲ್ಯದಲ್ಲಿ ತಮಟೆ ಬಡಿದು ಹಾಡುತ್ತಿದ್ದ ಮುದುಕರೊಬ್ಬರು ಎದುರಾದರು. ಅವರಿಗೆ ಈಗ ಎಂಬತ್ತರ ಹತ್ತಿರ. ನಿಮ್ಮ ಹಾಡು ಬರೆದವರು ಹೋಗಿಬಿಟ್ಟರು ತಾತಾ ಅಂದೆ.

"ಯಾವ ಹಾಡಪ್ಪಾ?"

ಒಂದು ಸಾಲು ಗುನುಗಿ ತೋರಿಸಿದೆ. ಅವರು ತಟ್ಟನೆ ಮುಂದಿನ ಸಾಲು ಹಿಡಿದರು, ಎರಡು ಪದ ಬದಲಾಗಿತ್ತು, ಒಂದು ತೆಲುಗಿನದ್ದು ಸೇರಿಕೊಂಡಿತ್ತು. ಅದು ಒಬ್ಬರು ಬರೆದದ್ದು ಎಂದು ಅವರಿಗೆ ಗೊತ್ತೇ ಇರಲಿಲ್ಲ. ಸಂಘದೋರ ಹಾಡು ಅಂದುಕೊಂಡಿದ್ದರು. ವಯಸ್ಸೆಷ್ಟು ಎಂದು ಕೇಳಿದರು. ಅರವತ್ತೇಳು ಅಂದೆ.

"ಅಯ್ಯೋ, ನನಗಿಂತ ಚಿಕ್ಕೋರು," ಅಂದರು. "ಸೂಜಿ ಹಾಕಿಸ್ಕೊಂಡಿರಲಿಲ್ವಾ?"